ಕಂಬಳಿಯ ಕೆಳಗಿನ ರಾಗಿ

ರಜೆಗೆ ಚಿತ್ರದುರ್ಗಕ್ಕೆ ಬಂದಿದ್ದೇನೆ. ಸ್ವಿಟ್ಜರ್ಲೆಂಡಿನಲ್ಲಿ ನಾನು ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತುತ್ತೇನೆ ಅಂತ ಗೊತ್ತಾದಾಗಿನಿಂದ ಅಪ್ಪನಿಗೆ ಹಿಮಕುಸಿತದ್ದೇ ಚಿಂತೆ. "ಹತ್ತಿ ಥರ ಮೆತ್ತಗಿರೋ ಹಿಮ ಹೆಂಗಮ್ಮ ಮನುಷ್ಯರನ್ನ ಕೊಲ್ಲುತ್ತೆ?" ಅಂತ ಕೇಳಿದರು.

ಒಂದು ಹಳೇ ಹಲಗೆ ಮೇಲೆ ಎರಡು ಹಿಡಿ ರಾಗಿ ಹರಡಿದೆ. ಅದರ ಮೇಲೆ ಚಳ್ಳಕೆರೆ ಕಂಬಳಿ ಮಡಚಿ ಇಟ್ಟೆ. ಹಲಗೆಯ ಒಂದು ತುದಿಯನ್ನು ನಿಧಾನಕ್ಕೆ ಎತ್ತಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಇಡೀ ಕಂಬಳಿ ಒಂದೇ ಸಲಕ್ಕೆ ಜಾರಿ ಅಂಗಳಕ್ಕೆ ಬಿತ್ತು.

ಕಂಬಳಿ ಅಂದರೆ ಹೊಸದಾಗಿ ಬಿದ್ದ ಹಿಮ. ಗಾಳಿ ಅದನ್ನು ಒತ್ತಿ ಒಂದೇ ಪದರ ಮಾಡಿರುತ್ತದೆ. ರಾಗಿ ಅಂದರೆ ಕೆಳಗಿನ ಹಳೇ ಹಿಮ, ಸಕ್ಕರೆ ಹಾಗೆ ಬಿಡಿಬಿಡಿ ಹರಳು. ಇಳಿಜಾರು 30 ಡಿಗ್ರಿ ದಾಟಿದರೆ ಒಬ್ಬರ ಭಾರವೇ ಸಾಕು. ಹಿಮಕುಸಿತಕ್ಕೆ ಸಿಕ್ಕಿ ಸಾಯುವವರಲ್ಲಿ ಹೆಚ್ಚಿನವರು ಅದನ್ನು ತಾವೇ ಕೆಡವಿರುತ್ತಾರೆ, ಇಲ್ಲವೇ ಜೊತೆಗಿದ್ದವರು ಕೆಡವಿರುತ್ತಾರೆ.

ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ ಚಳಿಗಾಲದಲ್ಲಿ ದಿನಾ ಸಂಜೆ 5ಕ್ಕೆ ಎಚ್ಚರಿಕೆ ವರದಿ ಕೊಡುತ್ತದೆ. ಅಪಾಯಕ್ಕೆ 1ರಿಂದ 5ರವರೆಗೆ ಅಂಕಿ. ನನಗೆ ಜಾಸ್ತಿ ಭಯ 3ರದ್ದು. 4 ಇದ್ದರೆ ಜನ ಮನೆಯಲ್ಲೇ ಇರುತ್ತಾರೆ. 3 ಅಂದರೆ ನಡುವಿನದು, ಪರವಾಗಿಲ್ಲ ಅನಿಸುತ್ತದೆ ಅಲ್ವಾ? ಅತಿ ಹೆಚ್ಚು ಸಾವು ಆಗುವುದು ಆ ದಿನಗಳಲ್ಲೇ.

ಕಳೆದ ಚಳಿಗಾಲದಲ್ಲಿ ಅಂಥದೇ ದಿನ ಹೋಗಿದ್ದೆವು. ಎರಡು ದಿನ ಹಿಮ ಸುರಿದು ಆಕಾಶ ತಿಳಿಯಾಗಿತ್ತು. ಸಮತಟ್ಟು ಜಾಗದಲ್ಲೇ ಕಾಲಡಿ 'ವುಂಫ್' ಅಂತ ಸದ್ದು, ನೆಲ ಒಂದು ಚೂರು ಕುಸಿದ ಹಾಗೆ. ಸ್ಕೀ ತುದಿಯಿಂದ ಮುಂದಕ್ಕೆ ಬಿರುಕು ಓಡಿತು. ಕಂಬಳಿಯ ಕೆಳಗೆ ರಾಗಿ ಇದೆ ಅಂತ ಬೆಟ್ಟವೇ ಹೇಳಿದ್ದು ಅದು. ಯಾರೂ ವಾದ ಮಾಡಲಿಲ್ಲ, ಬಂದ ದಾರಿಯಲ್ಲೇ ವಾಪಸ್ ಹೊರಟೆವು.

"ಹೂತುಹೋದವರನ್ನ ಹುಡುಕೋಕೆ ಮಷೀನ್ ಇರುತ್ತಂತಲ್ಲ?" ಅಂದರು ಅಪ್ಪ. ಇದೆ. ಬೀಕನ್ (ಹೂತವರಿರುವ ಜಾಗವನ್ನು ರೇಡಿಯೋ ಸಂಕೇತದಿಂದ ತೋರಿಸುವ ಮಷೀನ್), ಚುಚ್ಚಿ ನೋಡುವ ಉದ್ದ ಕೋಲು, ಸಲಿಕೆ ಮೂರೂ ಪ್ರತಿಯೊಬ್ಬರ ಹತ್ತಿರ ಇರಲೇಬೇಕು. ಆದರೆ ಮೊದಲ 10 ನಿಮಿಷ ಕಳೆದರೆ ಬದುಕುವ ಆಸೆ ಬೇಗ ಇಳಿಯುತ್ತದೆ. ಅಷ್ಟರೊಳಗೆ ಹೆಲಿಕಾಪ್ಟರ್ ಬರುವುದಿಲ್ಲ. ಅಗೆದು ತೆಗೆಯಬೇಕಾದವರು ಜೊತೆಗಿರುವವರೇ.

ಅಪ್ಪ ಅಂಗಳದಲ್ಲಿ ಚೆಲ್ಲಿದ್ದ ರಾಗಿ ಬಳಿಯುತ್ತಾ ಕೂತರು. "ಆ ಸದ್ದು ಪ್ರತಿ ಸಲ ಬರುತ್ತಾ?"

"ಇಲ್ಲಪ್ಪ."

ಇನ್ನು ಮೇಲೆ ಬೆಟ್ಟಕ್ಕೆ ಹೋಗುವ ಹಿಂದಿನ ಸಂಜೆ ಆ ವರದಿಯ ಅಂಕಿ ಅವರಿಗೂ ಕಳಿಸಬೇಕಂತೆ. ಅಲ್ಲಿ ಸಂಜೆ 5 ಗಂಟೆ ಅಂದರೆ ಇಲ್ಲಿ ರಾತ್ರಿ 9.30. ಎದ್ದೇ ಇರುತ್ತೇನೆ ಅಂದಿದ್ದಾರೆ.