ಮೊದಲು ಕಟ್ಟಳೆ, ಆಮೇಲೆ ಕೋರೆಹಲ್ಲು

ಉಡುಪಿ, 28 ಜುಲೈ 2024, ಭಾನುವಾರ

ತುಳುವರ ಆಟಿ ತಿಂಗಳು. ಮೇ ಕೊನೆಯ ಪತ್ತನಾಜೆಗೇ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿವೆ, ದೈವಗಳ ಕೋಲ-ನೇಮಗಳಿಲ್ಲ. ಮನೆಯೊಳಗೆ ಕೂತು ರಕ್ಕಸರನ್ನು ಬರೆಯಲು ಇದಕ್ಕಿಂತ ಒಳ್ಳೆಯ ಮಳೆಗಾಲ ಬೇಡ.

ಫ್ಯಾಂಟಸಿಗೆ ಕೈಹಾಕುವವರು ಹೆಚ್ಚಾಗಿ ರಕ್ಕಸನ ಕೋರೆಹಲ್ಲಿನಿಂದ ಶುರುಮಾಡುತ್ತಾರೆ. ಮೂರನೇ ಅಧ್ಯಾಯಕ್ಕೆ ಬರುವಾಗ ಅವನಿಗೆ ಗರ್ಜಿಸುವುದು ಬಿಟ್ಟು ಬೇರೆ ಕೆಲಸವಿರುವುದಿಲ್ಲ. ಮೊದಲು ಬರೆಯಬೇಕಾದ್ದು ಅವನ ಕಟ್ಟುಕಟ್ಟಳೆ: ಬಲ ಕೊಟ್ಟವರು ಯಾರು, ಏನು ಕೇಳಿದ, ಏನು ಕೇಳದೆ ಬಿಟ್ಟ. ರಾವಣ ದೇವ, ದಾನವ, ಯಕ್ಷರಿಂದೆಲ್ಲ ಸಾವು ಬೇಡವೆಂದ. ಮನುಷ್ಯರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅವನ ಸೊಕ್ಕು ಎಷ್ಟು ಅಗಲವೋ ವರದ ತೂತೂ ಅಷ್ಟೇ ಅಗಲ. ವರ ಕೇಳುವ ಪುಟದಲ್ಲೇ ಆ ತೂತು ಓದುಗನ ಕಣ್ಣಿಗೆ ಬಿದ್ದಿರಬೇಕು. ಕೊನೆಯಲ್ಲಿ ಗುರುವೊಬ್ಬ ಬಂದು ಗುಟ್ಟು ಹೇಳಿದರೆ ಅದು ಮೋಸ.

ಪ್ರೀತಿಗೂ ಕಟ್ಟಳೆ ಬೇಕು. ಆದಿಪರ್ವದ ಹಿಡಿಂಬಿ ಕೊಲ್ಲಲು ಬಂದವಳು, ಭೀಮನನ್ನು ಕಂಡು ರೂಪ ಬದಲಿಸಿದಳು. ಒಪ್ಪಂದ ಎಷ್ಟು ಕರಾರುವಾಕ್ಕು ನೋಡಿ: ಹಗಲು ಭೀಮ ಅವಳ ಜೊತೆ, ರಾತ್ರಿ ಅಣ್ಣತಮ್ಮಂದಿರ ಬಳಿ, ಮಗ ಹುಟ್ಟುವವರೆಗೆ ಮಾತ್ರ. ಸಾಲ ತೀರಿಸಿದ್ದು ಆ ಮಗ. ಕುರುಕ್ಷೇತ್ರದ ಹದಿನಾಲ್ಕನೇ ರಾತ್ರಿ, ಅರ್ಜುನನಿಗೆಂದು ಕರ್ಣ ಎತ್ತಿಟ್ಟಿದ್ದ ಶಕ್ತ್ಯಾಯುಧಕ್ಕೆ ಘಟೋತ್ಕಚ ಎದೆಯೊಡ್ಡಿದ. ಅದು ಒಮ್ಮೆ ಮಾತ್ರ ಎಸೆಯಬಹುದಾದ ಆಯುಧ. 'ಪ್ರೀತಿಯಿಂದ ರಕ್ಕಸಿ ಒಳ್ಳೆಯವಳಾದಳು' ಎಂದು ಮುಗಿಸುವ ಕತೆಗಳಲ್ಲಿ ಇಲ್ಲದಿರುವುದು ಈ ಬೆಲೆಯೇ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಕುಲೆ ಮದುವೆ. ಮದುವೆಯಾಗದೆ ತೀರಿಹೋದ ಇಬ್ಬರಿಗೆ, ಬರಿ (ಗೋತ್ರದಂಥ ಕುಲ) ಬೇರೆಯೇ ಎಂದು ನೋಡಿಕೊಂಡು, ಬದುಕಿರುವವರು ಸೀರೆ, ಕರಿಮಣಿ, ಊಟದ ಸಮೇತ ಮದುವೆ ಮಾಡಿಸುತ್ತಾರೆ. ಭಯ ಹುಟ್ಟಿಸಲು ರಕ್ತ ಬೇಕಿಲ್ಲ. ಖಾಲಿ ಮಣೆಯ ಮುಂದೆ ಹಾಕಿದ ಎಲೆ ಸಾಕು.

ನಂಬಿಕೆಯ ವಿಷಯದಲ್ಲಿ ಹೊರಗಿನವರು ಎಡವುವುದು 'ಭೂತ' ಎಂಬ ಪದದಲ್ಲಿ. ತುಳುನಾಡಿನಲ್ಲಿ ಅದು ದೈವ. ಸತ್ತವರ ಪ್ರೇತ ಕುಲೆ. ಹಂದಿರೂಪದ ದೈವ ಪಂಜುರ್ಲಿಯನ್ನು ಖಳನನ್ನಾಗಿಸಿದರೆ ಕತೆ ಅಲ್ಲಿಗೇ ಕೆಟ್ಟಿತು. ತುಳುವಿನ ಕಥನಗೀತೆ ಪಾಡ್ದನದ ಕಲ್ಕುಡನನ್ನು ನೋಡಿ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ. ಇನ್ನೊಂದು ಕಡೆಯಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ತಂಗಿ ಕಲ್ಲುರ್ಟಿಯ ಜೊತೆ ಅವನೂ ದೈವವಾಗಿ ಉಪದ್ರ ಕೊಟ್ಟ, ಜನ ಸ್ಥಾನ ಕಟ್ಟಿ ನಂಬಿದರು. ಅನ್ಯಾಯ, ಉಪದ್ರ, ಸ್ಥಾನ, ಆಮೇಲೆ ನಂಬಿಕೆ. ಈ ಕ್ರಮದಲ್ಲಿ ನಡುವಿನ ಒಂದು ಮೆಟ್ಟಿಲು ಹಾರಿದರೂ ಭಕ್ತಿ ಬರೀ ಹೆದರಿಕೆಯಾಗಿ ಉಳಿಯುತ್ತದೆ.

ರಕ್ಕಸನ ಪ್ರವೇಶವನ್ನು ಯಕ್ಷಗಾನದ ತೆಂಕು ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷದಿಂದ, ಅಂದರೆ ರಕ್ಕಸ ವೇಷದಿಂದ, ಕಲಿಯಬೇಕು. ಮುಖದ ಮೇಲೆ ಅಕ್ಕಿಹಿಟ್ಟು-ಸುಣ್ಣದ ಉಬ್ಬು ಚುಕ್ಕೆಗಳ ಚಿಟ್ಟಿ ಇಡಲು ಗಂಟೆಗಟ್ಟಲೆ ಹಿಡಿದ ಮುಖವನ್ನು ಕೂಡಲೇ ತೋರಿಸುವುದಿಲ್ಲ. ಮಹಿಷಾಸುರ ಜನರ ಹಿಂದಿನಿಂದ ದೊಂದಿ ಹಿಡಿದು ಬರುತ್ತಾನೆ: ಮೊದಲು ಅಬ್ಬರ, ಆಮೇಲೆ ರಾಳದ ಬೆಂಕಿ, ಕೊನೆಗೆ ಮುಖ.

ರೂಪ ಬದಲಿಸುವವರಲ್ಲಿ ಮಾತ್ರ ಯಕ್ಷಗಾನ ಆಟದ ದಾರಿ ಕಾದಂಬರಿಗೆ ಒಗ್ಗದು. ಅಲ್ಲಿ ಮಾಯಾ ಶೂರ್ಪನಖಿಗೆ ಸ್ತ್ರೀವೇಷದವರು, ನಿಜರೂಪಕ್ಕೆ ಹೆಣ್ಣುಬಣ್ಣ (ರಕ್ಕಸಿಯ ಬಣ್ಣದ ವೇಷ), ವೇಷಧಾರಿಯೇ ಬೇರೆ. ಪುಟದಲ್ಲಿ ಇಬ್ಬರೂ ಒಬ್ಬಳೇ ಎಂದು ನಂಬಿಸಲು ಎರಡೂ ರೂಪಕ್ಕೆ ಹೊಂದುವ ಒಂದು ಗುರುತು ಬೇಕು: ನಗುವ ರೀತಿಯೋ, ಮಾತಿನ ನಡುವೆ ಉಸಿರು ಎಳೆಯುವ ಸದ್ದೋ.