ನೆಲ್ಲಿ ಅವನನ್ನು ಕರೆಯಬಹುದಿತ್ತು

ಮಂಗಳವಾರ ತರಗತಿಯಲ್ಲಿ ಎಮಿಲಿ ಬ್ರಾಂಟೆಯ ಇಂಗ್ಲಿಷ್ ಕಾದಂಬರಿ ‘ವುದರಿಂಗ್ ಹೈಟ್ಸ್’ನ ಒಂಬತ್ತನೆಯ ಅಧ್ಯಾಯ ನಡೆದಿತ್ತು. ‘ನೆಲ್ಲಿ, ನಾನೇ ಹೀತ್‌ಕ್ಲಿಫ್’ ಎಂದು ಕ್ಯಾಥರೀನ್ ತಾನು ಪ್ರೀತಿಸುವವನ ಬಗ್ಗೆ ಮನೆಗೆಲಸದ ನೆಲ್ಲಿಗೆ ಹೇಳುವ ಮಾತನ್ನು ಓದಿ ಪುಸ್ತಕ ಮಡಚಿದೆ. ಹಾಜರಿಗಲ್ಲದೆ ಬಾಯಿ ತೆರೆಯದ ಹುಡುಗಿಯೊಬ್ಬಳು ಎದ್ದು ನಿಂತಳು.

“ಮೇಡಂ, ಅವನು ಎದ್ದು ಹೋದದ್ದನ್ನು ನೆಲ್ಲಿ ನೋಡಿದಳಲ್ಲ, ಯಾಕೆ ಕರೆಯಲಿಲ್ಲ?”

ನೆಲ್ಲಿ ನಿರೂಪಕಿ, ಕಂಡದ್ದನ್ನು ಹೇಳುವುದಷ್ಟೇ ಅವಳ ಕೆಲಸ ಎಂದೆ.

“ಆಗ ಹೇಳಲಿಲ್ಲವಲ್ಲ ಮೇಡಂ” ಎಂದು ಕುಳಿತುಬಿಟ್ಟಳು.

ಆ ರಾತ್ರಿ ಅದೇ ಪುಟಗಳನ್ನು ಮತ್ತೆ ಓದಿದೆ. ಕ್ಯಾಥರೀನ್ ನೆಲದ ಮೇಲೆ ಕುಳಿತಿದ್ದಾಳೆ. ಗೋಡೆಯ ಬಳಿಯ ಬೆಂಚಿನ ಎತ್ತರದ ಒರಗು ಅಡ್ಡವಾಗಿರುವುದರಿಂದ ಹೀತ್‌ಕ್ಲಿಫ್ ಇದ್ದದ್ದೂ ಹೋದದ್ದೂ ಅವಳಿಗೆ ಕಾಣುವುದಿಲ್ಲ. ಅವನನ್ನು ಮದುವೆಯಾದರೆ ತನ್ನ ಘನತೆ ಕುಂದುತ್ತದೆ ಎನ್ನುವವರೆಗೆ ಕೇಳಿಸಿಕೊಂಡು ಅವನು ಸದ್ದಿಲ್ಲದೆ ಹೊರಬೀಳುತ್ತಾನೆ. ನಾವೆಲ್ಲ ಬಾಯಿಪಾಠ ಮಾಡುವ ಆ ಪ್ರೀತಿಯ ಮಾತು ಬರುವುದು ಆಮೇಲೆ. ನೆಲ್ಲಿ ಸುಮ್ಮನಿರು ಎನ್ನುತ್ತಾಳೆ. ಯಾಕೆ ಎಂದರೆ, ಹೊರಗೆ ಕೇಳಿಸಿದ ಗಾಡಿಯ ಸದ್ದನ್ನೇ ನೆಪ ಮಾಡಿಕೊಂಡು, ಮನೆಯ ಆಳು ಜೋಸೆಫ್ ಬಂದ ಎನ್ನುತ್ತಾಳೆ. ನಿಜ ಹೇಳುವ ಹೊತ್ತಿಗೆ ಹೀತ್‌ಕ್ಲಿಫ್ ಊರು ಬಿಟ್ಟಾಗಿದೆ. ಅವನು ಮರಳುವುದು ಮೂರು ವರ್ಷದ ಮೇಲೆ, ಇವಳು ಬೇರೊಬ್ಬನ ಹೆಂಡತಿಯಾದ ಬಳಿಕ.

ನಿರೂಪಣೆ, ಪಾತ್ರ, ಪರಿಸರ ಎಂದು ಮೂರು ತಲೆಬರಹ ಹಾಕಿ ಟಿಪ್ಪಣಿ ಬರೆಸುವ ನಮ್ಮ ಪದ್ಧತಿ ಅಂದು ನನಗೆ ಅನ್ಯಾಯವೆನಿಸಿತು. ಆ ಒಂದು ಬೆಂಚಿನಲ್ಲಿ ಮೂರೂ ಇವೆ. ನೆಲ್ಲಿಯಿಂದ ಕಥೆ ಕೇಳಿ ನಮಗೆ ದಾಟಿಸುವ, ಬಾಡಿಗೆಗೆ ಬಂದ ಲಾಕ್‌ವುಡ್ಡನನ್ನು ನಂಬಬೇಡಿ ಎಂದು ಪ್ರತಿ ವರ್ಷ ಹೇಳುತ್ತೇನೆ. ಅವನದು ಬರೀ ಪೆದ್ದುತನ, ಅದರಿಂದ ಯಾರೂ ಕೆಡಲಿಲ್ಲ. ನೆಲ್ಲಿ ಹಾಗಲ್ಲ. ಹೊಲಿಗೆ ಹಿಡಿದುಕೊಂಡು, ಎಲ್ಲರ ತಪ್ಪನ್ನೂ ತೂಗುತ್ತ ಕಥೆ ಹೇಳುತ್ತಾಳೆ. 1847ರಲ್ಲಿ ಎಲ್ಲಿಸ್ ಬೆಲ್ ಎಂಬ ಹೆಸರಿನಲ್ಲಿ ಇದನ್ನು ಪ್ರಕಟಿಸಿ, ಮರುವರ್ಷ 30ರ ವಯಸ್ಸಿನಲ್ಲಿ ತೀರಿಕೊಂಡ ಎಮಿಲಿ ಬ್ರಾಂಟೆ ಆ ಸುಳ್ಳನ್ನು ನೆಲ್ಲಿಯ ಬಾಯಿಂದಲೇ ಹೇಳಿಸಿ, ತಾನು ಒಂದು ಮಾತೂ ಸೇರಿಸದೆ ಮುಂದೆ ಹೋಗಿದ್ದಾಳೆ. ಕೇಳುವುದನ್ನು ನಮಗೆ ಬಿಟ್ಟಿದ್ದಾಳೆ. ಹನ್ನೊಂದು ವರ್ಷ ಪಾಠ ಮಾಡಿದ ನಾನು ಕೇಳಿರಲಿಲ್ಲ.

“ಆಗ ಹೇಳಲಿಲ್ಲವಲ್ಲ ಮೇಡಂ.” ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಈ ವಾರವೆಲ್ಲ ಅದೇ ಧ್ವನಿ. ನಮ್ಮ ಮನೆಯ ಕಥೆಗಳೆಲ್ಲ ದೊಡ್ಡಮ್ಮನ ಬಾಯಿಂದ ಬಂದವು. ತಾತನ ಕೈಯಲ್ಲಿ ಪೆಟ್ಟು ತಿಂದು, ಹನ್ನೆರಡನೆಯ ವಯಸ್ಸಿಗೆ ರಾತ್ರೋರಾತ್ರಿ ಮನೆ ಬಿಟ್ಟ ನನ್ನ ಸೋದರಮಾವನ ಕಥೆಯೂ ಅಷ್ಟೆ. ತಾತನ ಕೋಪ, ಅಜ್ಜಿಯ ಅಳು, ಹಿಂಬಾಗಿಲ ಕತ್ತಲೆ ಎಲ್ಲವೂ ಅದರಲ್ಲಿವೆ. ದೊಡ್ಡಮ್ಮ ಮಾತ್ರ ಎಲ್ಲೂ ಇಲ್ಲ.

ನಿನ್ನೆ ಫೋನ್ ಮಾಡಿ ಕೇಳಿದೆ: “ದೊಡ್ಡಮ್ಮಾ, ಆ ರಾತ್ರಿ ನೀವು ಎಲ್ಲಿದ್ದಿರಿ?”

ಬಹಳ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: “ಮೇಲಿನ ಅಗುಳಿ ಅವನಿಗೆ ಎಟುಕುತ್ತಿರಲಿಲ್ಲ ಕಣೇ. ನಾನೇ ತೆಗೆದುಕೊಟ್ಟೆ.”