ಸೊನ್ನೆ ಬೈಟಿನ ಮಗ್ಗಿ

17 ನವೆಂಬರ್ 2024, ಭಾನುವಾರ
ಮೈಸೂರು

ಬೆಳಗ್ಗೆ ಕಾಫಿ ಕುಡೀತಾ ಫೋನ್ ನೋಡಿದರೆ ಧಾರವಾಡದ ಗೆಳೆಯನ ಮೆಸೇಜು. "ನಿಮ್ಮ ಚಿಕ್ಕಪ್ಪನ ಮಗ್ಗಿ ಇಳಿಸಿಕೊಂಡೆ. ಫೈಲ್ ಬಂದಿದೆ, ಒಳಗೆ ಏನೂ ಇಲ್ಲ. ಸೊನ್ನೆ ಬೈಟ್." ಎದೆ ಧಸಕ್ಕೆಂದಿತು.

ಚಿಕ್ಕಪ್ಪ 1993ರಲ್ಲಿ ತಮ್ಮ ಆಪಲ್ ಕಂಪ್ಯೂಟರ್ ಮ್ಯಾಕಿಂಟಾಶ್ ಎಲ್‌ಸಿ 2ರಲ್ಲಿ ನಮಗೆಲ್ಲ ಮಗ್ಗಿ ಕಲಿಸೋಕೆ ಒಂದು ಪ್ರೋಗ್ರಾಮ್ ಬರೆದಿದ್ದರು. ಅವರ ಹತ್ತಿರ ಕನ್ನಡ ಫಾಂಟ್ ಇರಲಿಲ್ಲ. ಹಾಗಾಗಿ ಹತ್ತೂ ಅಂಕಿಗಳನ್ನು ರೆಸ್‌ಎಡಿಟ್ ಅನ್ನೋ ಮ್ಯಾಕ್ ತಂತ್ರಾಂಶದಲ್ಲಿ ಒಂದೊಂದೇ ಚುಕ್ಕಿ ಇಟ್ಟು ಬಿಡಿಸಿದರು. ೬ರ ಬಾಲ ಸರಿಹೋಗೋಕೆ ಮೂರು ರಾತ್ರಿ ಕೂತಿದ್ದರಂತೆ. ಹೋದ ವಾರ ಆ ಫ್ಲಾಪಿಯನ್ನು ಲಿನಕ್ಸ್ ಲ್ಯಾಪ್‌ಟಾಪಿಗೆ ಹಾಕಿ, ಫೈಲ್ ಕಾಪಿ ಮಾಡಿ ಸರ್ವರಿಗೆ ಏರಿಸಿದ್ದೆ. ಸೈಜ್ ನೋಡಿರಲಿಲ್ಲ.

ಹಳೇ ಮ್ಯಾಕ್ ಫೈಲಿಗೆ ಹೆಸರು ಒಂದೇ, ಐಕಾನೂ ಒಂದೇ, ಒಳಗೆ ಮಾತ್ರ ಎರಡು ಕೋಣೆ. ಒಂದು ಡೇಟಾ ಫೋರ್ಕ್, ಇನ್ನೊಂದು ರಿಸೋರ್ಸ್ ಫೋರ್ಕ್. ಆ ಕಾಲದ ಪ್ರೋಗ್ರಾಮುಗಳ ಕೋಡು, ಮೆನು, ಚಿತ್ರ ಎಲ್ಲ ಇರುತ್ತಿದ್ದದ್ದು ಎರಡನೇ ಕೋಣೆಯಲ್ಲಿ. ಡೇಟಾ ಫೋರ್ಕ್ ಎಷ್ಟೋ ಸಲ ಪೂರ್ತಿ ಖಾಲಿ. ಲಿನಕ್ಸ್‌ನಲ್ಲಿ ಸುಮ್ನೆ ಕಾಪಿ ಮಾಡಿದರೆ ಬರೋದು ಆ ಖಾಲಿ ಕೋಣೆ ಮಾತ್ರ. ಚಿಕ್ಕಪ್ಪನ ಅಂಕಿಗಳು ಫ್ಲಾಪಿಯಲ್ಲೇ ಉಳಿದಿದ್ದವು. ಇದು ಪ್ರೋಗ್ರಾಮು ಅಂತ ಮ್ಯಾಕ್‌ಗೆ ತಿಳಿಸುವ ನಾಲ್ಕಕ್ಷರದ ಗುರುತೂ ಅಲ್ಲೇ.

"ಜಿಪ್ ಮಾಡಿದ್ರೆ ಸಾಕಲ್ವಾ?" ಅಂತ ಗೆಳೆಯ ಕೇಳಿದ. ಸಾಲದು. ಲಿನಕ್ಸ್‌ಗೆ ಬರೋ ಹೊತ್ತಿಗೇ ಅರ್ಧ ಕಳೆದಿರುತ್ತೆ, ಅದನ್ನ ಎಷ್ಟು ಚೆನ್ನಾಗಿ ಕಟ್ಟಿದರೇನು? ಗಂಟು ಕಟ್ಟಬೇಕಾದ್ದು ಹಳೇ ಮ್ಯಾಕಿನಲ್ಲೇ, ಫೈಲ್ ಅಲ್ಲಿಂದ ಹೊರಡೋ ಮೊದಲೇ.

ಮಧ್ಯಾಹ್ನ ಊಟ ಮುಗಿಸಿ ಚಿಕ್ಕಪ್ಪನ ಮನೆಗೆ ಹೋದೆ. ಎಲ್‌ಸಿ 2 ಇನ್ನೂ ಓಡುತ್ತೆ. ಅದರಲ್ಲೇ ಫೈಲನ್ನು ಬೈನ್‌ಹೆಕ್ಸ್ ಮಾಡಿ, ಅಂದರೆ ಎರಡೂ ಕೋಣೆಯನ್ನು ಸೇರಿಸಿ ಬರೀ ಅಕ್ಷರಗಳ ಒಂದೇ ಫೈಲಾಗಿ ಕಟ್ಟಿ, ಫ್ಲಾಪಿಗೆ ಹಾಕಿಕೊಂಡೆ. ಹಾಗೆ ಬಂದ ಫೈಲನ್ನು ತೆರೆದು ನೋಡೋದೇ ನನಗೊಂದು ಖುಷಿ. ಮೊದಲು, ಇದನ್ನು ಬೈನ್‌ಹೆಕ್ಸ್ 4.0ರಲ್ಲಿ ಬಿಚ್ಚಬೇಕು ಅನ್ನೋ ಒಂದು ಇಂಗ್ಲಿಷ್ ಸಾಲು. ಆಮೇಲೆ ಒಂದು ಕೋಲನ್. ಅಲ್ಲಿಂದ ಸಾಲಿಗೆ 64ರಂತೆ ಬರೀ ಅಕ್ಷರ, ಅಂಕಿ, ಚಿಹ್ನೆ. ಮೂರು ಬೈಟಿಗೆ ನಾಲ್ಕು ಅಕ್ಷರ ಬೇಕು, ಹಾಗಾಗಿ ಸೈಜ್ ಸ್ವಲ್ಪ ಜಾಸ್ತಿ. ಆಗಲಿ. ದಾರಿಯಲ್ಲಿ ಯಾವುದೋ ಸರ್ವರ್ ಸಾಲಿನ ಕೊನೆಯ ಗುರುತನ್ನು ಬದಲಾಯಿಸಿದರೂ ಇದಕ್ಕೇನೂ ಆಗಲ್ಲ, ಬಿಚ್ಚುವಾಗ ಆ ಗುರುತುಗಳನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಎರಡೂ ಕೋಣೆಗೆ ಬೇರೆ ಬೇರೆ ಸಿಆರ್‌ಸಿ ಅನ್ನೋ ತಪ್ಪು ಹಿಡಿಯುವ ಲೆಕ್ಕವೂ ಒಳಗೇ ಇರುತ್ತೆ. ಒಂದಕ್ಷರ ಹಾಳಾದರೂ ಹಳೇ ಯಂತ್ರವೇ ಹಿಡಿದು ಹೇಳುತ್ತೆ. ಆ ಫೈಲನ್ನು ಸರ್ವರಿಗೆ ಏರಿಸಿ, ಹೊಸ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳುವವರು ಫೈಲ್ ಬದಲಾಗಿಲ್ಲ ಅಂತ ಪರೀಕ್ಷಿಸಿಕೊಳ್ಳಲಿ ಅಂತ ಪಕ್ಕದಲ್ಲಿ ಎಸ್‌ಎಚ್‌ಎ-256 ಮೊತ್ತವನ್ನೂ ಹಾಕಿದೆ.

ಇನ್ನೊಂದು ಕೆಲಸ ಬಾಕಿ ಇತ್ತು. ನನ್ನ ಸರ್ವರು ಎಲ್ಲರನ್ನೂ ಎಚ್‌ಟಿಟಿಪಿಎಸ್‌ಗೆ, ಅಂದರೆ ಎನ್‌ಕ್ರಿಪ್ಟ್ ಆದ ದಾರಿಗೆ, ತಳ್ಳುತ್ತಿತ್ತು. ಗೆಳೆಯನ ಹಳೇ ಮ್ಯಾಕ್ ಲ್ಯಾಪ್‌ಟಾಪ್ ಪವರ್‌ಬುಕ್ಕಿನ ಬ್ರೌಸರಿಗೆ ಇವತ್ತಿನ ಎನ್‌ಕ್ರಿಪ್ಶನ್ ಗೊತ್ತಿಲ್ಲ. ಈ ಒಂದು ಫೋಲ್ಡರಿಗೆ ಬರೀ ಎಚ್‌ಟಿಟಿಪಿಯಲ್ಲೂ ಬಾಗಿಲು ತೆಗೆದಿಟ್ಟೆ.

ರಾತ್ರಿ ಎಂಟೂವರೆಗೆ ಧಾರವಾಡದಿಂದ ಫೋಟೋ ಬಂತು. ಪವರ್‌ಬುಕ್ಕಿನ ಪರದೆ ಮೇಲೆ ೬ × ೭. ಚಿಕ್ಕಪ್ಪನಿಗೆ ಕಳಿಸಿದೆ. ಕೂಡಲೇ ಫೋನ್ ಮಾಡಿದರು.

"ಬಾಲ ಪೂರ್ತಿ ಬಂದಿದೆ ಕಣೋ," ಅಂದರು.